ಮಧ್ಯಾಹ್ನ ಮೂರರ ಕಾಯಿಲೆ

ಪೀಣ್ಯ ಎರಡನೇ ಹಂತದ ವಾಲ್ವ್ ಕಾರ್ಖಾನೆಯಿಂದ ಅದೇ ವಾರದಲ್ಲಿ ಮೂರನೇ ಸಲ ಫೋನ್ ಬಂದಾಗ ಪದ್ಮಾವತಿ ಅರ್ಧ ಉಂಡಿದ್ದ ಡಬ್ಬಿಗೆ ಮುಚ್ಚಳ ಹಾಕಿ ಎದ್ದುಬಿಟ್ಟಳು.

"ಮತ್ತೆ ಪಂಚಾಕ್ಷರಿಯವರೇನ್ರೀ?" ಎಂದು ಒಳಗಿನ ಮೇಜಿನಿಂದ ಕೊಟ್ರೇಶ್ ಕೇಳಿದರು. ಆರು ಜನರ ಆ ಪುಟ್ಟ ಸಾಫ್ಟ್‌ವೇರ್ ಕಂಪನಿಯ ಮಾಲೀಕರು ಅವರೇ.

"ಹೌದು ಸಾರ್. ದಿನಾ ಮೂರಕ್ಕೆ ನಿಲ್ತಿದ್ದ ಕಂಪ್ಯೂಟರ್ ಇವತ್ತು ಎರಡೂವರೆಗೇ ನಿಂತ್ಹೋಯ್ತಂತೆ. ಫೋನಲ್ಲಿ ಆಗೋ ಕೆಲಸ ಅಲ್ಲ ಇದು, ಹೋಗಿ ಕಣ್ಣಾರೆ ನೋಡ್ಕೊಂಡು ಬರ್ತೀನಿ."

ಅದು ತೊಂಬತ್ತನಾಲ್ಕನೇ ಇಸವಿ. ಕಾರ್ಖಾನೆಗಳಲ್ಲಿ ಕಪ್ಪು ಪರದೆಯ ಡಾಸ್ ಪ್ರೋಗ್ರಾಂಗಳು ಹೋಗಿ ವಿಂಡೋಸ್ ಬರುತ್ತಿದ್ದ ಕಾಲ. ಚೊಕ್ಕಸಂದ್ರದಲ್ಲೇ ಹುಟ್ಟಿ ಬೆಳೆದ ಪದ್ಮಾವತಿಗೆ ಆಗ ಇಪ್ಪತ್ತೇಳು. ದಪ್ಪ ಕೈಪಿಡಿಗಳನ್ನು ಒಬ್ಬಳೇ ಓದಿ ವಿಂಡೋಸ್ ಪ್ರೋಗ್ರಾಮಿಂಗ್ ಕಲಿತಿದ್ದಳು. ವಾಲ್ವ್ ಪರೀಕ್ಷೆಯ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬರೆದವಳು ಅವಳೇ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವುದೂ ಅವಳ ಕೆಲಸವೇ. "ಪರದೆ ಮೇಲೆ ಗೆರೆ ಎಳೆಯೋಕೆ ಪೆನ್ನು ಬೇಕು, ಬಣ್ಣ ತುಂಬೋಕೆ ಬ್ರಷ್ ಬೇಕು ಅಂತ ವಿಂಡೋಸ್ ಹತ್ರ ಏನೇನು ಕೇಳಿ ಮಾಡಿಸ್ಕೋತೀರೋ, ಕೆಲಸ ಮುಗಿದ ತಕ್ಷಣ ಅಳಿಸಿ ವಾಪಸ್ ಕೊಟ್ಬಿಡಿ" ಎಂಬುದು ಅವಳ ಮೊದಲ ಪಾಠವಾಗಿತ್ತು. ಹಾಗಾಗಿ ದೋಷ ತನ್ನ ಪ್ರೋಗ್ರಾಮಿನಲ್ಲಿ ಇರಲಿಕ್ಕಿಲ್ಲ ಎಂಬ ಧೈರ್ಯ ಅವಳಿಗಿತ್ತು.

ಕಾರ್ಖಾನೆ ತಲುಪಿದಾಗ ಮ್ಯಾನೇಜರ್ ಪಂಚಾಕ್ಷರಿ ಬಾಗಿಲಲ್ಲೇ ಸಿಕ್ಕಿದರು. ರಾಣೆಬೆನ್ನೂರಿನ ಕಡೆಯವರು, ಸಿಟ್ಟು ಬಂದರೂ ದನಿ ಏರಿಸದ ಮನುಷ್ಯ.

"ಮೆಮೊರಿ ಸಾಲದು ಅಂತ ಕಂಪ್ಯೂಟರ್ ಕೊಟ್ಟವ ಹೇಳಿದ. ನಾಲ್ಕು ಎಂಬಿ ಇದ್ದದ್ದನ್ನ ಎಂಟು ಮಾಡಿಸಿದೆ. ಏನೂ ಫರಕ್ ಬೀಳಲಿಲ್ಲ. ಈಗ ಹದಿನಾರು ಮಾಡಿಸ್ರಿ ಅಂತಾನ. ನೀವೇನಂತೀರಿ ಮೇಡಂ?"

"ಒಂದು ದಿನ ತಡೀರಿ ಸಾರ್. ಮೆಮೊರಿ ಜಾಸ್ತಿ ಮಾಡಿದ್ರೂ ಗುಣ ಕಾಣ್ಲಿಲ್ಲ ಅಂದ್ರೆ ಕಾಯಿಲೆ ಬೇರೆ ಕಡೆ ಇದೆ."

ಪರೀಕ್ಷೆಯ ಬೆಂಚಿನಲ್ಲಿ ವೆಂಕಟಮ್ಮ ಕೂತಿದ್ದಳು. ಐವತ್ತರ ಹತ್ತಿರದ ವಯಸ್ಸು, ಹದಿನೆಂಟು ವರ್ಷದಿಂದ ಅದೇ ಕಾರ್ಖಾನೆ. ವಾಲ್ವನ್ನು ಹಿಡಿಕೆಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಗಾಳಿಯ ಒತ್ತಡ ಏರುತ್ತಿತ್ತು, ಪರದೆಯ ಮೇಲೆ ಗೆರೆಯೊಂದು ಮೂಡುತ್ತಿತ್ತು. ಗೆರೆ ಹಸಿರಾಗಿಯೇ ಉಳಿದರೆ ವಾಲ್ವ್ ಪಾಸು. ಸೋರಿದರೆ ಗೆರೆ ಕೆಂಪಾಗಿ ಮಿನುಗುತ್ತಿತ್ತು. ವೆಂಕಟಮ್ಮ ಆ ವಾಲ್ವನ್ನು ಬಿಚ್ಚಿ ಪಕ್ಕದ ಬುಟ್ಟಿಗೆ ಹಾಕಿ ಮತ್ತೆ ಗುಂಡಿ ಒತ್ತುವ ತನಕ ಮಿನುಗುತ್ತಲೇ ಇರುತ್ತಿತ್ತು.

ಈಗ ಪರದೆಯ ಅವಸ್ಥೆ ನೋಡುವಂತಿರಲಿಲ್ಲ. ಅಕ್ಷರಗಳು ದಪ್ಪಗಾಗಿದ್ದವು, ಬಟನ್ನುಗಳ ಅಂಚು ಮಾಯವಾಗಿತ್ತು, ಗೆರೆ ಕಪ್ಪಗೆ ತೆವಳುತ್ತಿತ್ತು.

ಪದ್ಮಾವತಿ ಪ್ರೋಗ್ರಾಂ ಮ್ಯಾನೇಜರ್ ತೆರೆದು ಹೆಲ್ಪ್ ಮೆನುವಿನ ಕೊನೆಯ ಸಾಲನ್ನು ಒತ್ತಿದಳು. ಸಿಸ್ಟಂ ರಿಸೋರ್ಸಸ್ ಶೇಕಡಾ ಹನ್ನೊಂದು ಮಾತ್ರ ಉಳಿದಿದೆ ಎಂದು ತೋರಿಸಿತು. ಪ್ರೋಗ್ರಾಂ ಮುಚ್ಚಿ ನೋಡಿದಳು. ಹನ್ನೆರಡು. ವಿಂಡೋಸನ್ನೇ ಮುಚ್ಚಿ ಮತ್ತೆ ತೆರೆದಾಗ ಎಪ್ಪತ್ತೆಂಟು.

"ನೋಡಿ ಸಾರ್" ಎಂದು ಪಂಚಾಕ್ಷರಿಯವರನ್ನು ಕರೆದಳು. "ಪೆನ್ನು, ಬ್ರಷ್ಷು, ಅಕ್ಷರದ ಅಚ್ಚು ಇಡೋಕೆ ವಿಂಡೋಸ್ ಒಂದು ಸಣ್ಣ ಜಾಗ ಇಟ್ಕೊಂಡಿದೆ. ಅರವತ್ತನಾಲ್ಕು ಕೆಬಿ, ಅಷ್ಟೇ. ನೀವು ಹದಿನಾರಲ್ಲ, ಮೂವತ್ತೆರಡು ಎಂಬಿ ಹಾಕಿಸಿದ್ರೂ ಆ ಜಾಗ ಬೆಳೆಯಲ್ಲ. ಯಾರೋ ಅದನ್ನ ತುಂಬಿಸ್ತಿದ್ದಾರೆ. ಹೊಸ ಮೆಮೊರಿ ಬೇಡ ಅಂತ ಹೇಳ್ಬಿಡಿ."

"ಯಾರು ತುಂಬಿಸ್ತಿರೋದು?"

"ಇಲ್ಲಿ ಬೇರೆ ಪ್ರೋಗ್ರಾಂ ಓಡ್ತಾನೇ ಇಲ್ಲ" ಎಂದಳು. ಹೇಳಿದ ಮೇಲೆ ಆ ಮಾತಿನ ಅರ್ಥ ಅವಳಿಗೇ ತಟ್ಟಿತು. "ಅಂದ್ರೆ... ನನ್ನದೇ ಇರಬೇಕು."

ಪಂಚಾಕ್ಷರಿ ಮೆಮೊರಿ ಬೇಡವೆಂದು ಫೋನ್ ಮಾಡಲು ಒಳಗೆ ಹೋದರು. ಆದರೂ ಪದ್ಮಾವತಿಗೆ ಒಂದು ವಿಷಯ ಬಗೆಹರಿಯಲಿಲ್ಲ. ಆಫೀಸಿನಲ್ಲಿ ಇದೇ ಪ್ರೋಗ್ರಾಮನ್ನು ಎರಡು ದಿನ ಸತತ ಓಡಿಸಿ ನೋಡಿದ್ದಳು. ಸ್ವಲ್ಪವೂ ಜಗ್ಗಿರಲಿಲ್ಲ.

ವೆಂಕಟಮ್ಮ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದಳು. "ಒಂದ್ ಮಾತ್ ಯೋಳ್ಲಾ ಕಣವ್ವ? ನಗಬ್ಯಾಡ."

"ಹೇಳಿ ವೆಂಕಟಮ್ಮ, ನಗೋದೇನು ಬಂತು."

"ದಿನಾ ಮೂರಕ್ಕೇ ಕೆಡಾಕಿಲ್ಲ ಇದು. ಕೆಟ್ಟ ಮಾಲು ಜಾಸ್ತಿ ಬಂದ್ ದಿನ ಬಿರ್ನೆ ಕೆಡ್ತದೆ. ಓದ್ ಸೋಮವಾರ ಮಾಲೆಲ್ಲ ಚೆಂದಾಗಿತ್ತು, ಸಂಜೆಗಂಟ ನಡೀತು. ಇವತ್ತು ನೋಡು, ಬುಟ್ಟಿ ತುಂಬೋಗದೆ. ಸಾಯೇಬ್ರಿಗೆ ಯೋಳ್ದೆ, ಅಂಗೆಲ್ಲ ಇರಾಕಿಲ್ಲ ಅಂದ್ಬುಟ್ರು."

ಪದ್ಮಾವತಿ ಬುಟ್ಟಿಯತ್ತ ನೋಡಿದಳು. ಸೋರುವ ವಾಲ್ವುಗಳು ಅಂಚಿನ ತನಕ ತುಂಬಿದ್ದವು. ಆಫೀಸಿನಲ್ಲಿ ಎರಡು ದಿನ ಓಡಿಸಿದ್ದು ಬರೀ ಒಳ್ಳೆಯ ವಾಲ್ವುಗಳ ಒತ್ತಡದ ಲೆಕ್ಕ ಕೊಟ್ಟು! ಅಷ್ಟೂ ಹೊತ್ತು ಒಂದೇ ಒಂದು ಸಲವೂ ಗೆರೆ ಕೆಂಪಾಗಿ ಮಿನುಗಿರಲಿಲ್ಲ.

"ಅಂಗೇ ಇರುತ್ತೆ ವೆಂಕಟಮ್ಮ" ಎಂದಳು. "ನೀವು ಹೇಳಿದ್ದೇ ಸರಿ. ನಾಳೆ ಬೆಳಿಗ್ಗೆ ಬರ್ತೀನಿ."

ಆಫೀಸಿಗೆ ಬಂದವಳೇ ಸೋರುವ ವಾಲ್ವಿನ ಸುಳ್ಳು ಲೆಕ್ಕವೊಂದನ್ನು ಮಾಡಿ ಪ್ರೋಗ್ರಾಮಿಗೆ ಕೊಟ್ಟಳು. ಗೆರೆ ಕೆಂಪಾಗಿ ಮಿನುಗಲು ಶುರುವಾಯಿತು. ಶೇಕಡಾ ಎಪ್ಪತ್ತಾರು ಇದ್ದ ಸಿಸ್ಟಂ ರಿಸೋರ್ಸಸ್ ಹತ್ತು ನಿಮಿಷದಲ್ಲಿ ಐವತ್ತಕ್ಕೆ ಇಳಿಯಿತು. ಕಾಯಿಲೆ ಕೈಗೆ ಸಿಕ್ಕಿತ್ತು. ಕರೆದಾಗಲೆಲ್ಲ ಕಣ್ಣೆದುರೇ ಬರುವ ತಪ್ಪು ಅರ್ಧ ತಿದ್ದಿದ ಹಾಗೆಯೇ ಎಂಬುದು ಅವಳ ಅನುಭವ.

ಮಿನುಗುವ ಭಾಗದ ಸಾಲುಗಳನ್ನು ಅಚ್ಚು ಹಾಕಿಸಿ, ಪೆನ್ಸಿಲ್ ಹಿಡಿದು ಕೂತಳು. ಕೆಂಪು ಪೆನ್ನು ಮಾಡು, ಪರದೆಯ ಕೈಗೆ ಕೊಡು, ಗೆರೆ ಎಳೆ, ಪೆನ್ನು ಅಳಿಸು. ಅಳಿಸುವ ಸಾಲು ಇದ್ದೇ ಇತ್ತು. ಹಾಗಿದ್ದರೆ ಪೆನ್ನುಗಳು ಉಳಿಯುವುದಾದರೂ ಹೇಗೆ? ಹಸಿರು ಗೆರೆ ಎಳೆಯುವ ಭಾಗವನ್ನು ಪಕ್ಕದಲ್ಲಿಟ್ಟು ಸಾಲಿಗೆ ಸಾಲು ಹೋಲಿಸಿದಳು. ಅಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಅಳಿಸುವ ಮೊದಲು ಹಳೆಯ ಪೆನ್ನನ್ನು ಪರದೆಯ ಕೈಗೆ ಮರಳಿಸುವ ಸಾಲು.

ಪರದೆ ಇನ್ನೂ ಕೈಯಲ್ಲಿ ಹಿಡಿದುಕೊಂಡಿರುವ ಪೆನ್ನನ್ನು ಅಳಿಸು ಎಂದರೆ ವಿಂಡೋಸ್ ಅಳಿಸುವುದಿಲ್ಲ. ಆಗಲಿಲ್ಲ ಎಂದು ಸೊನ್ನೆಯೊಂದನ್ನು ಮರಳಿಸಿ ಸುಮ್ಮನಾಗುತ್ತದೆ. ಆ ಸೊನ್ನೆಯನ್ನು ಪದ್ಮಾವತಿ ನೋಡಿಯೇ ಇರಲಿಲ್ಲ. ಸೆಕೆಂಡಿಗೆ ಎರಡು ಸಲ ಮಿನುಗು, ಒಂದೊಂದು ಮಿನುಗಿಗೂ ಒಂದೊಂದು ಅನಾಥ ಪೆನ್ನು. ವೆಂಕಟಮ್ಮ ವಾಲ್ವ್ ಬಿಚ್ಚುವಷ್ಟರಲ್ಲಿ ಮೂವತ್ತು.

ಕೊಟ್ರೇಶ್ ಬಂದು ಹಿಂದೆ ನಿಂತರು. "ಸಿಕ್ತೇನ್ರೀ?"

"ಸಿಕ್ತು ಸಾರ್. ನನ್ನದೇ ತಪ್ಪು. ಹುಡುಗರಿಗೆ ನಾನು ಹೇಳ್ಕೊಟ್ಟಿದ್ದೂ ಅರ್ಧ ಪಾಠವೇ. ಅಳಿಸಿ ಅಂದೆ. ಮೊದಲು ಕೈಯಿಂದ ಬಿಡಿಸಿ ಅಂತ ಹೇಳ್ಲಿಲ್ಲ, ಅಳಿಸಿತಾ ಅಂತ ಕೇಳಿ ನೋಡಿ ಅಂತಾನೂ ಹೇಳ್ಲಿಲ್ಲ."

ಹೊಸಬರು ಮೂವರನ್ನೂ ಕರೆದು ಕೂರಿಸಿಕೊಂಡು ಎರಡೂ ಹಾಳೆ ತೋರಿಸಿದಳು, ಏನನ್ನೂ ಮುಚ್ಚಿಡಲಿಲ್ಲ. ಆಮೇಲೆ ಆ ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳಲಿಲ್ಲ. ಕೆಂಪು ಪೆನ್ನನ್ನು ಪ್ರೋಗ್ರಾಂ ಶುರುವಾಗುವಾಗ ಒಂದೇ ಸಲ ಮಾಡಿ, ಮುಗಿಯುವಾಗ ಒಂದೇ ಸಲ ಅಳಿಸುವಂತೆ ಬದಲಿಸಿದಳು. ಅಳಿಸಲು ಆಗದಿದ್ದರೆ ಫೈಲಿನಲ್ಲಿ ಬರೆದಿಡುವ ಏರ್ಪಾಡನ್ನೂ ಮಾಡಿದಳು. ಸುಳ್ಳು ಲೆಕ್ಕ ಕೊಟ್ಟು ಓಡಿಸಿದರೆ ಎಪ್ಪತ್ತಾರು ಎಪ್ಪತ್ತಾರಾಗಿಯೇ ನಿಂತಿತು.

ಮರುದಿನ ಬೆಳಿಗ್ಗೆ ಫ್ಲಾಪಿ ಹಿಡಿದು ಹೋದವಳು ಸಂಜೆ ನಾಲ್ಕೂವರೆವರೆಗೆ ಬೆಂಚಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಅವತ್ತೂ ಕೆಟ್ಟ ಮಾಲಿಗೆ ಬರವಿರಲಿಲ್ಲ. ಮೂರಕ್ಕೆ ಪಂಚಾಕ್ಷರಿ ಬಂದು ಪರದೆ ನೋಡಿದರು. ನಾಲ್ಕಕ್ಕೆ ಮತ್ತೆ ಬಂದರು. ಅಂಕಿ ಅಲುಗಿರಲಿಲ್ಲ.

"ಇದನ್ನ ಪತ್ತೆ ಹಚ್ಚಿದ್ದು ವೆಂಕಟಮ್ಮ ಸಾರ್, ನಾನಲ್ಲ" ಎಂದಳು ಪದ್ಮಾವತಿ.

ಪಂಚಾಕ್ಷರಿ ವೆಂಕಟಮ್ಮನ ಕಡೆ ತಿರುಗಿ, "ಹೌದವ್ವಾ, ನೀ ಹೇಳಿದಾಗ ನಾ ಕಿವಿಗೆ ಹಾಕ್ಕೋಬೇಕಿತ್ತು" ಎಂದರು. ವೆಂಕಟಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಇನ್ನೊಂದು ವಾಲ್ವ್ ಕೈಗೆತ್ತಿಕೊಂಡಳು.

ಆಫೀಸಿನಲ್ಲಿ ಮಾತ್ರ ಇನ್ನೊಂದು ಮಾತು ಉಳಿದಿತ್ತು. ಇದೇ ಪ್ರೋಗ್ರಾಂ ಮಹದೇವಪುರದಲ್ಲೊಂದು, ಹೆಬ್ಬಗೋಡಿಯಲ್ಲೊಂದು ಕಾರ್ಖಾನೆಯಲ್ಲಿ ಓಡುತ್ತಿತ್ತು.

"ಅವರ್ಯಾರೂ ಕಂಪ್ಲೇಂಟ್ ಮಾಡಿಲ್ಲಲ್ರೀ" ಎಂದು ಕೊಟ್ರೇಶ್ ಅನುಮಾನಿಸಿದರು. "ನಾವೇ ಹೋಗಿ ನಮ್ಮದು ತಪ್ಪಾಗೈತಿ ಅಂದ್ರ ಹೆಸರು ಕೆಡ್ತದೇನೋ."

"ಅವರೂ ದಿನಾ ಆಫ್ ಮಾಡಿ ಆನ್ ಮಾಡ್ತಿರ್ತಾರೆ ಸಾರ್. ಕಂಪ್ಯೂಟರ್ ಅಂದ್ರೆ ಇಷ್ಟೇ ಅಂದ್ಕೊಂಡಿರ್ತಾರೆ. ಕಾರಣ ಗೊತ್ತಾದ ದಿನ ಹೆಸರು ಕೆಡುತ್ತೆ. ಇವತ್ತು ನಾವಾಗಿ ಹೋದ್ರೆ ಉಳಿಯುತ್ತೆ. ನಾನೇ ಹೇಳ್ಕೋತೀನಿ, ನೀವು ಬರೋದು ಬೇಡ."

"ಆಯ್ತು, ಹೋಗ್ಬನ್ನಿ" ಎಂದರು ಕೊಟ್ರೇಶ್.

ಮಹದೇವಪುರದ ಕೆಲಸ ಒಂದೇ ಗಂಟೆಯಲ್ಲಿ ಮುಗಿಯಿತು. ಮರುದಿನ ಬಸ್ಸು ಬದಲಿಸಿ, ಹೊಸೂರು ರಸ್ತೆಯ ಧೂಳು ಕುಡಿದು ಹೆಬ್ಬಗೋಡಿ ತಲುಪಿದಳು. ಪರೀಕ್ಷೆಯ ಕೋಣೆಯಲ್ಲಿ ಮಲ್ಲಿಕ್ ಎಂಬ ಆಪರೇಟರ್ ಒಬ್ಬನೇ ಬೆವರುತ್ತಾ ಕೂತಿದ್ದ. ಕೋಣೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಕಂಪ್ಯೂಟರಿನ ಬೆನ್ನಿಗೆ ಮುಖ ಮಾಡಿ ಗಿರ್ರೆನ್ನುತ್ತಿತ್ತು.

"ಇದ್ಯಾಕೆ ಹಿಂಗೆ?"

"ಮಧ್ಯಾಹ್ನ ಆದ್ರೆ ಹೀಟ್ ಆಗಿ ನಿಂತ್ಹೋಗುತ್ತೆ ಮೇಡಂ. ಅರ್ಧ ಗಂಟೆ ಆಫ್ ಮಾಡಿ ತಣ್ಣಗಾಗೋಕೆ ಬಿಡ್ತೀವಿ. ನಾಲ್ಕು ತಿಂಗಳಿಂದ ಹಿಂಗೇ."

"ಹೀಟೂ ಇಲ್ಲ ಏನೂ ಇಲ್ಲ. ನಾನು ಬರೆದಿದ್ರಲ್ಲಿ ತಪ್ಪಿತ್ತು, ಅದನ್ನ ಸರಿ ಮಾಡೋಕೇ ಬಂದಿದ್ದೀನಿ" ಎಂದಳು ಪದ್ಮಾವತಿ, ಚೀಲದಿಂದ ಫ್ಲಾಪಿ ತೆಗೆಯುತ್ತಾ. "ಫ್ಯಾನ್ ನಿಮ್ಮ ಕಡೆ ತಿರುಗಿಸ್ಕೊಳ್ಳಿ."

ಮಲ್ಲಿಕ್ ನಂಬಿದಂತೆ ಕಾಣಲಿಲ್ಲ. ಆದರೂ ಎದ್ದುಹೋಗಿ ಫ್ಯಾನನ್ನು ತನ್ನತ್ತ ತಿರುಗಿಸಿಕೊಂಡ, ಅಂಗಿಯ ಮೇಲಿನ ಗುಂಡಿ ಬಿಚ್ಚಿ ಗಾಳಿಗೆ ಮುಖವೊಡ್ಡಿದ. ಪದ್ಮಾವತಿ ಅವನ ಕುರ್ಚಿ ಎಳೆದುಕೊಂಡು ಕೂತು ಕೆಲಸ ಶುರುಮಾಡಿದಳು.