ಹಿಪ್ಪುನೇರಳೆಯ ಕೆಳಗಿನ ಚಪ್ಪರ

ನಮ್ಮ ಯೆಹೂದಿಗಳ ಚಪ್ಪರದ ಹಬ್ಬವಾದ ಸುಕ್ಕೋತ್ ನಡುವೆ ಒಂದು ದಿನ ಬರುತ್ತೇನೆಂದು ಸಾಸೂನಣ್ಣ ಫೋನ್ ಮಾಡಿದಾಗ ನಿಜವಾ ಎಂದು ಎರಡು ಸಲ ಕೇಳಿದೆ. ಯೇಶುವಾನೇ, ಅಂದರೆ ಯೇಸುವೇ, ನಮ್ಮ ಮೆಸ್ಸೀಯ ಎಂದು ನಾನು ನಂಬಿದ ಮೇಲೆ ಅವನು ನನ್ನ ಹೊಸ್ತಿಲು ತುಳಿದಿರಲಿಲ್ಲ. ಅಮ್ಮ ತೀರಿಕೊಂಡಾಗಲೂ ರಾಮತ್ ಗಾನ್ ಊರಿನ ಮನೆಯಲ್ಲಿ ಕೂರಲು ನನಗೊಂದು ಮೂಲೆ ತೋರಿಸಿದ್ದ, ಅಷ್ಟೇ. ಈಗ ಅತ್ತಿಗೆಯೂ ಹೋಗಿ ಅವನದೂ ಒಂಟಿ ಬಾಳು. ಇಲ್ಲದಿದ್ದರೆ ಎಲ್ಲಿ ಬರುತ್ತಿದ್ದ!

"ಬರ್ತೀನಿ ನಜೀಮಾ. ಆದ್ರೆ ಆ ಹೆಸರು ನನ್ನ ಕಿವಿಗೆ ಬೀಳಬಾರದು, ಗೊತ್ತಾಯ್ತಾ?" ಎಂದ.

"ಬೀಳಲ್ಲ, ಬಾ" ಎಂದೆ. ಅವತ್ತು ಏನು ಕೇಳಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ಅಣ್ಣ ಒಂದು ಹೊತ್ತು ನನ್ನ ಚಪ್ಪರದಲ್ಲಿ ಕೂತು ನನ್ನೆದುರು ಉಂಡರೆ ಸಾಕಾಗಿತ್ತು.

ಹೈಫಾದ ಈ ನೆಲಮಹಡಿಯ ಮನೆಯ ಹಿತ್ತಲಲ್ಲಿ ಪ್ರತಿವರ್ಷ ಒಬ್ಬಳೇ ಹಬ್ಬದ ಚಪ್ಪರ ಹಾಕುತ್ತೇನೆ. ಕಬ್ಬಿಣದ ಕೊಳವೆ, ಸುತ್ತ ಬಟ್ಟೆ, ಮೇಲೆ ಖರ್ಜೂರದ ಗರಿ. ಯೇಶುವಾನನ್ನು ನಂಬುವ ನಮ್ಮ ಸಭೆಯವರು ಒಂದು ಸಂಜೆ ಬಂದು ಹಾಡಿ ಹೋಗುತ್ತಾರೆ, ಅವರಿಗೂ ಸಂಸಾರಗಳಿವೆ. ಉಳಿದ ದಿನವೆಲ್ಲ ನಾನು ಮತ್ತು ಬೀದಿಬೆಕ್ಕು. ಪಕ್ಕದ ಮನೆಯ ಮಝಲ್ ನನ್ನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾಳೆ, ನನಗೇನೋ ಅಂಟುರೋಗ ಅನ್ನುವ ಹಾಗೆ. ನೆಂಟರಿಷ್ಟರನ್ನು ಕರೆದು ತುಂಬಿಸಬೇಕಾದ ಚಪ್ಪರ ಇದು. ಅದರೊಳಗೆ ಒಬ್ಬರೇ ಕೂತು ಉಣ್ಣುವುದಕ್ಕಿಂತ ಉಪವಾಸ ವಾಸಿ.

ಆದರೂ ಹಾಕುತ್ತೇನೆ. ಮರುಭೂಮಿಯಲ್ಲಿ ಅಲೆದ ಹಿರಿಯರ ನೆನಪಿಗೆ ಎಲ್ಲರೂ ಹಾಕುತ್ತಾರೆ, ನಾನೂ ಹಾಕುತ್ತೇನೆ. ನಮಗೆ ಅದರಲ್ಲಿ ಇನ್ನೊಂದು ಅರ್ಥವಿದೆ. ದೇವರೇ ಗಾಳಿಗೆ ಅಲುಗಾಡುವ ಈ ಮನುಷ್ಯಮೈಯೊಳಗೆ ಬಂದು ನಮ್ಮ ನಡುವೆ ಬಿಡಾರ ಹೂಡಿದ. ಅವನು ಮತ್ತೆ ಬಂದಾಗ ಲೋಕದ ಜನವೆಲ್ಲ ಅವನ ಚಪ್ಪರದಡಿ ಒಟ್ಟಿಗೆ ಕೂರುತ್ತಾರೆ. ಅಲ್ಲಿಯವರೆಗೆ ನಾನೊಬ್ಬಳೇ ಕೂತಿರುತ್ತೇನೆ, ಮಾಡುವುದೇನು!

ಅಣ್ಣ ಮಧ್ಯಾಹ್ನದ ಬಸ್ಸಿಗೆ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕೈಚೀಲದಲ್ಲಿ ಅವನ ಬುತ್ತಿ ಇಣುಕುತ್ತಿತ್ತು, ನಾನು ನೋಡದವಳಂತೆ ಇದ್ದೆ. ಬೆಂಡೆಕಾಯಿ ಹುಳಿಯಲ್ಲಿ ಮಾಂಸದುಂಡೆ ಬೇಯಿಸಿದ್ದೆ, ಅಮ್ಮನ ಕೈಯಡುಗೆ. ಅವನ ಊಟದ ಮಡಿ ಕೆಡದಿರಲೆಂದು ಮಾಂಸ ಅವನು ಒಪ್ಪುವ ಅಂಗಡಿಯದು, ಪಾತ್ರೆ ಹೊಸದು, ತಟ್ಟೆ ಕಾಗದದ್ದು.

ಅವನು ಚಪ್ಪರದ ಬಾಗಿಲಲ್ಲೇ ನಿಂತುಬಿಟ್ಟ.

"ಇದೇನೇ ಇದು?"

"ಯಾಕಣ್ಣಾ?"

"ಮೇಲೆ ನೋಡೇ ಮಾರಾಯ್ತಿ!"

ನೋಡಿದೆ. ಗರಿಗಳ ಮೇಲೆ ಹಿಪ್ಪುನೇರಳೆಯ ಕೊಂಬೆ ದಟ್ಟವಾಗಿ ಹರಡಿತ್ತು.

"ಮರದಡಿ ಹಾಕಿದ್ದು ಚಪ್ಪರವೇ ಅಲ್ಲ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಗರಿ ಮೇಲೆ ಆಕಾಶ ಇರ್ಬೇಕು. ಅಪ್ಪ ಕಲಿಸಿದ್ದನ್ನೆಲ್ಲ ಗುಡಿಸಿ ಆಚೆ ಹಾಕ್ಬಿಟ್ಯಾ?"

"ಬಿಸಿಲು ತಡೆಯೋಕಾಗಲ್ಲ ಅಂತ..."

"ಬಿಸಿಲಂತೆ! ಹಿರಿಯರು ನಲವತ್ತು ವರ್ಷ ಮರಳಲ್ಲಿ ಬೆಂದ್ರು, ಇವಳಿಗೆ ಬಿಸಿಲಂತೆ!"

ನನಗೆ ತಲೆ ಎತ್ತಲಾಗಲಿಲ್ಲ. ಯಾವ ವರ್ಷವೋ ನೆರಳಿಗೆಂದು ಚಪ್ಪರವನ್ನು ಮರದಡಿಗೆ ಎಳೆದವಳು ಆಮೇಲೆಲ್ಲ ಅಲ್ಲೇ ಹಾಕುತ್ತಿದ್ದೆ. ತಪ್ಪು ಅನ್ನಲು ಮನೆಗೆ ಯಾರು ಬರುತ್ತಿದ್ದರು? ಇದೇ ನೆಪ ಸಾಕು, ಹೊರಟೇಬಿಡುತ್ತಾನೆ ಅಂದುಕೊಂಡೆ. ಅವನು ಕೋಟು ಬಿಚ್ಚಿ ಕೊಂಬೆಗೆ ನೇತುಹಾಕಿದ.

"ಮೊದ್ಲು ಗರಿ ಇಳಿಸು. ಆ ಕಡೆ ಹಿಡಿ. ಸೊಂಟ ಹಿಡ್ಕೊಂಡ್ರೆ ನಿನ್ನ ಪಾಪ."

ಇಬ್ಬರೂ ಏದುಸಿರು ಬಿಡುತ್ತ ಚೌಕಟ್ಟನ್ನು ಕಸದ ಡಬ್ಬಿಗಳ ಪಕ್ಕದ ಬಯಲಿಗೆ ಎಳೆದೆವು. ಅವನೇ ಕುರ್ಚಿ ಹತ್ತಿ ಗರಿ ಹಾಸಿದ. ಬಿಸಿಲು ಮೇಜಿನ ಮೇಲೆ ಚೂರುಚೂರಾಗಿ ಬಿತ್ತು. ಎದುರುಬದುರು ಕೂತೆವು.

"ನಿನ್ನ ಮನೆ. ನಿನ್ನ ಪ್ರಾರ್ಥನೆ ಏನಿದ್ಯೋ ಮೊದ್ಲು ಮುಗಿಸ್ಕೋ" ಎಂದ.

ನನ್ನ ಪ್ರಾರ್ಥನೆ ಮುಗಿಯುವುದೇ ಆ ಹೆಸರಿನಲ್ಲಿ. ತಲೆ ಬಗ್ಗಿಸಿ ತುಟಿ ಬಿಗಿಹಿಡಿದು ಕೂತೆ.

"ಆಯ್ತಾ?"

"ಆಯ್ತು."

"ಸುಳ್ಳಿ! ಸ್ಕೂಲಿಗೆ ಹೋಗಲ್ಲ, ಹೊಟ್ಟೆನೋವು ಅಂತ ನಾಟಕ ಆಡೋವಾಗ್ಲೂ ಹೀಗೇ ತುಟಿ ಕಚ್ತಿದ್ದೆ. ಹೇಳಲೇ ಇಲ್ಲ ತಾನೇ?"

ನನಗೆ ಅಳು ತಡೆಯಲಾಗಲಿಲ್ಲ. "ಮಾತು ಕೊಟ್ಟಿದ್ನಲ್ಲ! ಆ ಹೆಸರು ಬಿಟ್ಟು ನನಗೆ ಪ್ರಾರ್ಥನೆ ಬರಲ್ಲ ಅಣ್ಣಾ. ನನಗೆ ನೀನೂ ಬೇಕು, ಅವನೂ ಬೇಕು. ಏನು ಮಾಡ್ಲಿ ಹೇಳು?"

ಅವನು ಕುರ್ಚಿ ಹಿಂದೆ ತಳ್ಳಿ ಎದ್ದ. ಚಪ್ಪರದಿಂದ ಹೊರಗೆ ಹೋದ. ಮುಗಿಯಿತು, ಇನ್ನು ಸಾಯುವತನಕ ಇವನ ಮುಖ ನೋಡಲಾರೆ ಅಂದುಕೊಂಡೆ. ಬಟ್ಟೆ ಸರಿಸಿ ನೋಡಿದರೆ ಅವನು ಗೇಟಿನತ್ತ ಹೋಗಿರಲಿಲ್ಲ. ಕಸದ ಡಬ್ಬಿಗಳ ಹತ್ತಿರ ನನಗೆ ಬೆನ್ನು ಮಾಡಿ, ಎರಡೂ ಕಿವಿಗೆ ಬೆರಳು ತುರುಕಿಕೊಂಡು ನಿಂತಿದ್ದ.

"ಹೇಳು ಬೇಗ!" ಎಂದು ಕೂಗಿದ. "ಹಸಿವಾಗ್ತಿದೆ!"

ಹೇಳಿದೆ. ಹೆಸರು ಸಮೇತ, ಗಟ್ಟಿಯಾಗಿ ಹೇಳಿದೆ. ಆಮೆನ್ ಅನ್ನಲು ಯಾರೂ ಇರಲಿಲ್ಲ, ನಾನೇ ಅಂದೆ. ಅಣ್ಣಾ ಎಂದು ಕರೆದರೆ ಅವನಿಗೆಲ್ಲಿ ಕೇಳಬೇಕು! ಎದ್ದು ಹೋಗಿ ಭುಜ ಮುಟ್ಟಿದೆ. ಎಷ್ಟು ಸಣ್ಣಗಾಗಿದ್ದ.

"ಎಷ್ಟು ಹೊತ್ತೇ! ನೀರು ಕೊಡು, ಕೈ ತೊಳೀಬೇಕು."

ನನ್ನ ಅಡುಗೆ ಅವನು ಮುಟ್ಟಲಿಲ್ಲ. ಬುತ್ತಿಯಿಂದ ರೊಟ್ಟಿ ತೆಗೆದು, ಮಂತ್ರ ಹೇಳಿದ. ನಾನು ಆಮೆನ್ ಎಂದೆ. ಒಂದು ತುತ್ತು ಮುರಿದು ತಿಂದು, ಇನ್ನೊಂದು ತುಂಡನ್ನು ನನ್ನ ಮುಂದಿಟ್ಟ.

"ನಿಂದು ನಾನು ತಿನ್ನೋ ಹಾಗಿಲ್ಲ" ಎಂದ. "ನಂದು ನೀನು ತಿನ್ಬಹುದಲ್ಲ. ತಿನ್ನು."