ಔಟಾಗುವವರೆಗೆ

ಹೆಸ್ಟರ್ ಕೆಮ್ಮಿನ ಔಷಧಿಯ ಸೀಸೆಗೆ ಬಿರಡೆ ಒತ್ತುತ್ತಿದ್ದಳು. ಇನ್ನು ಅದನ್ನು ಬಿಳಿ ಕಾಗದದಲ್ಲಿ ಸುತ್ತಿ ಕೆಂಪು ಅರಗಿನ ಮುದ್ರೆ ಹಾಕಬೇಕು. ಮುದ್ರೆಯಿಲ್ಲದ ಸೀಸೆ ಡಾಕ್ಟರರದ್ದೆಂದು ವೆಲ್‌ಬ್ರೂಕಿನಲ್ಲಿ ಯಾರೂ ನಂಬರು. ಬೇಸಿಗೆಯ ಶನಿವಾರಗಳಂದು ಔಷಧಿಯ ಕೋಣೆ ಪೂರ್ತಿ ಅವಳದು. ಅವಳ ಗಂಡ ಡಾಕ್ಟರ್ ಫೆನಿಕ್ ಅಂದು ಊರ ತಂಡಕ್ಕೆ ಕ್ರಿಕೆಟ್ ಆಡುತ್ತಿದ್ದ.

ಹಿಂಬಾಗಿಲಲ್ಲಿ ಮಿಸೆಸ್ ಟಕೆಟ್ ಏದುಸಿರು ಬಿಡುತ್ತ ನಿಂತಿದ್ದಳು.

"ಮೈದಾನಕ್ಕೇ ಹೋಗಿದ್ದೆ, ಅಮ್ಮಾವ್ರೇ. ಮಗಳಿಗೆ ನಿನ್ನೆಯಿಂದ ನೋವು. ಮಗು ಅಡ್ಡ ತಿರುಗಿದೆ ಅಂತಾಳೆ ಸೂಲಗಿತ್ತಿ. ಡಾಕ್ಟ್ರು ಬ್ಯಾಟಿಂಗ್ ಮಾಡ್ತಿದಾರೆ, ಔಟಾದ್ಮೇಲೆ ಹೇಳ್ತೀವಿ ಅಂದ್ರು ಪಾದ್ರಿಗಳು."

"ನಿಮ್ಮ ಯಜಮಾನ್ರು?"

"ಅಲ್ಲೇ ಚಪ್ಪಾಳೆ ತಟ್ತಾ ಕೂತಿದಾರೆ. ಬೇರೆ ದಿನ ಎರಡೇ ಬಾಲಿಗೆ ವಾಪಸ್ ಬರ್ತಿದ್ದ ಡಾಕ್ಟ್ರು, ಇವತ್ತೇ ನೋಡಿ ಔಟಾಗ್ತಿಲ್ಲ."

ಹೆಸ್ಟರ್ ಏಪ್ರನ್ ಬಿಚ್ಚಿ ಮೈದಾನಕ್ಕೆ ನಡೆದಳು. ತಂಡದ ಮುಖಂಡರಾದ ಪಾದ್ರಿಗಳು ಎದ್ದು ಕುರ್ಚಿ ಕೊಟ್ಟರು.

"ಇನ್ನು ಒಂಬತ್ತು ರನ್ನಾದ್ರೆ ನೂರು, ಮಿಸೆಸ್ ಫೆನಿಕ್. ಈ ಮೈದಾನದಲ್ಲಿ ಯಾರೂ ಹೊಡೆದಿಲ್ಲ. ಆಡ್ತಿರೋರ ಮನಸ್ಸು ಕದಡಬಾರದು. ಹೆರಿಗೆ ಅಂದ್ರೆ ಹೊತ್ತಾಗೇ ಆಗತ್ತೆ, ಅಲ್ವೇ?"

"ಮಗು ಅಡ್ಡ ತಿರುಗಿದೆ, ಸ್ವಾಮಿ. ಕಾಯೋಕಾಗಲ್ಲ."

ಪಾದ್ರಿಗಳು ಮುಗುಳ್ನಕ್ಕು ಆಟದತ್ತ ತಿರುಗಿದರು.

ಅವಳು ಮೈದಾನದಂಚಿನ ಹಗ್ಗದ ಬಳಿಗೆ ಹೋಗಿ ಕೈಯೆತ್ತಿದಳು. ಫೆನಿಕ್ ನೋಡಿದ. ಹೆಂಡತಿ ಎಂದೂ ಆಟ ನೋಡಲು ಬಂದವಳಲ್ಲ. ಅವನ ಮುಖವರಳಿತು, ಬ್ಯಾಟು ಎತ್ತಿ ತೋರಿಸಿದ. ಜನ ನಕ್ಕು ಚಪ್ಪಾಳೆ ತಟ್ಟಿದರು. ಅವಳ ಕೈ ತಾನಾಗಿ ಕೆಳಗಿಳಿಯಿತು. ಹೆಂಗಸೊಬ್ಬಳು ಆ ಹಗ್ಗ ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಅವಳೂ ದಾಟಲಿಲ್ಲ.

ನೂರು ಹೊಡೆದು ಔಟಾಗಿ ಬಂದವನಿಗೆ ವಿಷಯ ತಿಳಿಯಿತು. ಬಿಳಿ ಬಟ್ಟೆಯಲ್ಲೇ ಓಡಿದ. ಅವನ ಕೈಗುಣದಲ್ಲಿ ಕೊರತೆಯೇನೂ ಇರಲಿಲ್ಲ; ಮಿಸೆಸ್ ಟಕೆಟ್‌ಳ ಮಗಳು ಉಳಿದಳು. ಮಗು ಅಳಲೇ ಇಲ್ಲ.

ಸಂಜೆ ಊಟಕ್ಕೆ ಕುಳಿತಾಗ ಅವನೇ ಮಾತು ತೆಗೆದ.

"ಮೊದಲೇ ಹೋಗಿದ್ರೂ ಅಷ್ಟೇ ಆಗ್ತಿತ್ತೇನೋ."

ಇರಬಹುದು. ಇಲ್ಲದಿರಲೂಬಹುದು. ಹೆಸ್ಟರ್ ತಣ್ಣನೆಯ ಮಾಂಸ ಕೊಯ್ಯುತ್ತಿದ್ದಳು.

"ನಾನು ಕರೆಯೋಕೆ ಬಂದಿದ್ದೇರೀ. ಆಟ ನೋಡೋಕಲ್ಲ."

"ಈಗ ಗೊತ್ತಾಯ್ತು." ಅವನು ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡ. "ಆ ಹೆಂಗಸು ಸೇತುವೆ ದಾಟಿ ಆ ಡಾಕ್ಟರ್ ಮಾಸಪ್‌ನ ಹತ್ರ ಹೋಗಬಹುದಿತ್ತಲ್ಲ. ಬ್ಯಾಟು ಯಾವ ಕಡೆ ಹಿಡೀಬೇಕು ಅಂತ್ಲೂ ಗೊತ್ತಿಲ್ಲ ಅವನಿಗೆ. ಶನಿವಾರ ಪೂರ್ತಿ ಮನೇಲೇ ಬಿದ್ದಿರ್ತಾನೆ."

ತಮಾಷೆಗೆಂದು ಹೇಳಿದ್ದು, ಅವನಿಗೇ ನಗು ಬರಲಿಲ್ಲ. ಡಾಕ್ಟರ್ ಮಾಸಪ್‌ನ ಹೆಸರನ್ನು ಈ ಮನೆಯಲ್ಲಿ ರೋಗಿಗಳೆದುರು ಎತ್ತುವಂತಿರಲಿಲ್ಲ. ಒಂದು ಮನೆಯವರು ಅವನ ಕಡೆ ವಾಲಿದರೆ ಇಡೀ ಓಣಿಯೇ ವಾಲುತ್ತದೆಂದು ಗಂಡಹೆಂಡಿರಿಬ್ಬರಿಗೂ ಗೊತ್ತು.

ಓಣಿಯೇ ವಾಲಿದರೂ ಸರಿ. ಬರುವ ಶನಿವಾರದಿಂದ ಹಿಂಬಾಗಿಲು ತಟ್ಟಿದವರಿಗೆ ಮೈದಾನದ ದಾರಿ ಹೇಳುವುದಿಲ್ಲ, ಸೇತುವೆಯ ದಾರಿ ಹೇಳುತ್ತೇನೆ ಎಂದುಕೊಂಡಳು ಹೆಸ್ಟರ್.

"ಸಾಸಿವೆ ಬೇಕಾ?" ಎಂದು ಗಂಡನನ್ನು ಕೇಳಿದಳು.