ಮೆರೂನ್ ಕೋಟಿನ ಹುಡುಗರು

"ಇದು ಯಾರು? ಇದು ಯಾರು? ಮತ್ತೆ ಇದು ಯಾರು?" ಎಂದು ಕೇಳುತ್ತಾ ಸುಮಂತ್ ತನ್ನ ಮೊಬೈಲನ್ನು ವಸಂತಕುಮಾರನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬೆರಳಾಡಿಸಿದ. ಮೂರು ಫೋಟೋಗಳು. ಒಂದರಲ್ಲಿ ಸುಮಂತನೇ ಇದ್ದ. ಇನ್ನೊಂದರಲ್ಲಿ ಕನ್ನಡಕದ ಶೈಲೇಶ್, ಮತ್ತೊಂದರಲ್ಲಿ ವಿಕಾಸ್. ಮುಖ ಮೂರು, ಕೋಟು ಒಂದೇ. ಬಂಗಾರದ ಬಣ್ಣದ ಗುಂಡಿಗಳಿದ್ದ ಮೆರೂನ್ ವೆಲ್ವೆಟ್ ಕೋಟು.

"ಹುಡುಗಿ ಕೇಳ್ಲಿಕ್ಕೆ ಕಳಿಸಿದ್ದು ಕಾರ್ಕಳದ ಒಂದೇ ಮನೆಗೆ ಮೂರೂ ಹೋಗಿ ಮುಟ್ಟಿದೆ, ವಸಂತಣ್ಣ! ಹುಡುಗಿಯ ಅತ್ತೆ ಫೋನ್ ಮಾಡಿ ಕೇಳಿದ್ರು, ಇಡೀ ಬಹರೈನಿಗೆ ಇರುವುದು ಒಂದೇ ಕೋಟಾ ಅಂತ. ಕೋಟು ಎರವಲು ತಂದವನ ಕೆಲಸವಾದ್ರೂ ಸ್ವಂತದ್ದಾ ಅಂತ!"

ಏಸಿ ಓಡುತ್ತಿದ್ದರೂ ವಸಂತಕುಮಾರನ ಹಣೆಯಲ್ಲಿ ಬೆವರೊಡೆಯಿತು. ಆ ಕೋಟು ಈಗಲೂ ಅವನ ಬೆನ್ನ ಹಿಂದಿನ ಮೊಳೆಯಲ್ಲಿ ಏನೂ ಅರಿಯದ ಹಾಗೆ ನೇತಾಡುತ್ತಿತ್ತು.

ಗೋಡೌನಿನ ಕೆಲಸ ಬಿಟ್ಟು ಬಹರೈನಿನ ಸೆಗಯಾದ ಗಲ್ಲಿಯಲ್ಲಿ ಈ ಫೋಟೋ ಸ್ಟುಡಿಯೋ ತೆರೆದ ಮೇಲೆ ಗಿರಾಕಿಗಳನ್ನು ಕರೆಯಲು ಅವನು ಮಾಡದ ಸರ್ಕಸ್ಸಿರಲಿಲ್ಲ. ಅದ್ಲಿಯಾದ ಕೆಫೆಗಳಲ್ಲಿ ಚಂದದ ಕಾರ್ಡುಗಳನ್ನು ಇಟ್ಟು ಬಂದ. ಅವನ್ನು ಯಾರೋ ಮಡಚಿ ಅಲುಗಾಡುವ ಮೇಜಿನ ಕಾಲಡಿ ಇಟ್ಟರು. ಇನ್‌ಸ್ಟಾಗ್ರಾಮಿನಲ್ಲಿ ದಿನಕ್ಕೊಂದು ಸೂರ್ಯಾಸ್ತ ಹಾಕಿದ. ನಾದಿನಿಯೊಬ್ಬಳನ್ನು ಬಿಟ್ಟರೆ ಬೇರೆ ಯಾರೂ ಮೆಚ್ಚಲಿಲ್ಲ. ಕಡೆಗೆ ದಾರಿ ತೋರಿಸಿದವಳು ಹೆಂಡತಿ ಆಶಾಲತಾ.

"ನಮ್ಮ ಕಡೆಯ ಮದುವೆಯಾಗದ ಹುಡುಗರು ಇಲ್ಲಿ ಎಷ್ಟಿಲ್ಲ! ಎಲ್ಲ ಬಾತ್‌ರೂಮಿನ ಕನ್ನಡಿ ಎದುರು ನಿಂತು ಫೋಟೋ ತೆಗ್ದು ಊರಿಗೆ ಕಳಿಸ್ತಾರೆ. ಅವರನ್ನು ಹಿಡೀರಿ."

ಹಾಗೆ ಹುಟ್ಟಿದ್ದು 'ವರ ಪ್ಯಾಕೇಜು'. ಮೂರು ಭಂಗಿ, ಮುಖಕ್ಕೆ ಒಳ್ಳೆಯ ಬೆಳಕು, ಹಾಕಿಕೊಳ್ಳಲು ಕೋಟು ಉಚಿತ. ಕೋಟು ವಸಂತಕುಮಾರನ ಮದುವೆಯ ರಿಸೆಪ್ಷನ್ನಿನದು. ಈಗ ಅದು ಅವನ ಹೊಟ್ಟೆಯೊಡನೆ ಮಾತು ಬಿಟ್ಟಿತ್ತು. ಸಪೂರ ಹುಡುಗರಿಗೆ ದೊಗಳೆಯಾದರೆ ಹಿಂದಿನಿಂದ ಬಟ್ಟೆಯನ್ನು ಒಟ್ಟು ಮಾಡಿ ಕ್ಲಿಪ್ಪು ಹಾಕುತ್ತಿದ್ದ. "ಬೆನ್ನು ಯಾರಿಗೆ ಕಾಣ್ತದೆ ಮಾರಾಯಾ?" ಎಂದು ಹುಡುಗರಿಗೆ ಧೈರ್ಯ ಹೇಳುತ್ತಿದ್ದ. ಅಸ್ಕರ್‌ನ ಕಾರ್ಖಾನೆಯ ಹುಡುಗರು ಶುಕ್ರವಾರ ಬಂತೆಂದರೆ ಗುಂಪಾಗಿ ಬರತೊಡಗಿದ್ದರು. ಇದೂ ಕೈಕೊಟ್ಟರೆ ಅಂಗಡಿಗೆ ಬೀಗ ಹಾಕಿ ಮತ್ತೆ ಗೋಡೌನಿಗೇ ಹೋಗುವುದೆಂದು ಗಂಡ ಹೆಂಡತಿ ತೀರ್ಮಾನಿಸಿದ್ದರು. ಆದರೆ ಈ ಪ್ಯಾಕೇಜಿನಿಂದ ಒಬ್ಬನ ಮದುವೆಯೇ ಮುರಿದುಬೀಳಬಹುದೆಂದು ಇಬ್ಬರೂ ಎಣಿಸಿರಲಿಲ್ಲ.

ಊಟದ ಬುತ್ತಿ ತಂದಿದ್ದ ಆಶಾಲತಾ ಅದನ್ನು ಕೆಳಗಿಟ್ಟು ಕೇಳಿದಳು, "ಹುಡುಗಿ ಎಂತ ಹೇಳ್ತಾಳೆ?"

ಸುಮಂತನ ಸಿಟ್ಟೆಲ್ಲ ಜರ್ರನೆ ಇಳಿಯಿತು. "ಫೋನಲ್ಲಿ ಚಂದ ಮಾತಾಡ್ತಿದ್ಳು, ಆಶಕ್ಕ. ನಿನ್ನೆಯಿಂದ ಎತ್ತುದೇ ಇಲ್ಲ." ನೆಲ ನೋಡಿಕೊಂಡು ಹೇಳಿದ, "ನನಗೆ ಅವಳು ತುಂಬಾ ಇಷ್ಟ."

ವಸಂತಕುಮಾರ ಒಂದು ಉಪಾಯ ಹೂಡಿದ. "ಇಲ್ಲಿ ಈಗ ಅದೇ ಫ್ಯಾಶನ್, ಎಲ್ಲರೂ ಅದನ್ನೇ ಹಾಕ್ತಾರೆ ಅಂತ ಹೇಳುವನಾ?"

ಆಶಾಲತಾ ಗಂಡನನ್ನು ನುಂಗುವ ಹಾಗೆ ನೋಡಿದಳು. "ಸಾಕು ನಿಮ್ಮ ಮಾರ್ಕೆಟಿಂಗ್. ಸುಮಂತ್, ಆ ಅತ್ತೆಗೆ ವಿಡಿಯೋ ಕಾಲ್ ಹಾಕು. ಇದ್ದದ್ದನ್ನು ಇದ್ದ ಹಾಗೆ ಹೇಳುವ."

ಪರದೆಯಲ್ಲಿ ಕಾಣಿಸಿಕೊಂಡ ರಾಜೀವಿಯತ್ತೆ ಬಸಳೆ ಕೊಯ್ಯುತ್ತಿದ್ದರು. ಕತ್ತಿಯನ್ನು ಕೆಳಗಿಡದೆಯೇ ಕೇಳಿದರು, "ಯಾರು ಮಾರಾಯ್ರೆ ನೀವು?"

"ನಾನು... ಕೋಟಿನ ಯಜಮಾನ," ಎಂದ ವಸಂತಕುಮಾರ. "ತಪ್ಪು ನನ್ನದು. ಸುಮಂತನ ಕೆಲಸ, ಸಂಬಳ, ಮುಖ, ಎಲ್ಲ ಅವನದ್ದೇ. ಕೋಟು ಮಾತ್ರ ನನ್ನ ಮದುವೆಯದ್ದು."

"ನಿಮ್ಮದಾ? ಹಾಗಾದ್ರೆ ಹಾಕಿ ತೋರಿಸಿ, ನೋಡುವ."

ಒಂದು ತೋಳು ಹೇಗೋ ಒಳಗೆ ಹೋಯಿತು. ಇನ್ನೊಂದು ಮೊಣಕೈಯಲ್ಲಿ ಸಿಕ್ಕಿಕೊಂಡಿತು. ಆಶಾಲತಾ ಹಿಂದಿನಿಂದ ನೂಕಿದಳು, ಸುಮಂತ್ ಮುಂದಿನಿಂದ ಎಳೆದ. ಕಂಕುಳಿನಲ್ಲಿ ಹೊಲಿಗೆ ಪರ್ರೆಂದಿತು. ಅತ್ತ ರಾಜೀವಿಯತ್ತೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಕೇಳಿದ್ದೇ ಸುಮಂತ್ ಕೋಟು ಬಿಟ್ಟು ಪರದೆಯ ಎದುರಿಗೆ ಬಂದ.

"ತನ್ವಿ!"

ಅತ್ತೆಯ ವಿಚಾರಣೆ ಇನ್ನೂ ಮುಗಿದಿರಲಿಲ್ಲ. "ನೀವು ಈ ಕೋಟು ನೋಡಿಯಾ ಇವರನ್ನು ಒಪ್ಪಿದ್ದು?" ಎಂದು ಆಶಾಲತಾಳನ್ನು ಕೇಳಿದರು.

"ಕೋಟು ಆರಿಸಿದ್ದೇ ನಾನು. ಒಪ್ಪಿದ್ದು ಇವರ ಪೆದ್ದು ಮುಖ ನೋಡಿ."

ಇಷ್ಟು ವರ್ಷ ಸಂಸಾರ ಮಾಡಿದ್ದರೂ ಈ ಮಾತು ವಸಂತಕುಮಾರನ ಕಿವಿಗೆ ಬಿದ್ದಿರಲಿಲ್ಲ. ಅರ್ಧ ಕೋಟಿನಲ್ಲಿ ಸಿಕ್ಕಿಕೊಂಡೇ ಅವನು ಹಿಗ್ಗಿಹೋದ.

ತನ್ವಿ ಮುಂದೆ ಬಂದಳು. ಅವಳ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. "ನೀವು ಯಾಕೆ ನನ್ನತ್ರ ಹೇಳ್ಲಿಲ್ಲ?"

"ನನ್ನ ಹತ್ರ ಕೋಟು ಇಲ್ಲ. ಹೇಳ್ಲಿಕ್ಕೆ ನಾಚಿಕೆ ಆಯ್ತು," ಎಂದ ಸುಮಂತ್.

"ನಂಗೆ ಕೋಟು ಬೇಕು ಅಂತ ನಾನು ಕೇಳಿದ್ನಾ? ಈಗ ಹಾಕಿದ ಅಂಗಿಯಲ್ಲೇ ಒಂದು ಫೋಟೋ ತೆಗ್ಸಿ ಕಳಿಸಿ. ಅತ್ತೆ ನೋಡ್ಲಿ."

ಗಡಿಬಿಡಿಯಲ್ಲಿ ಬಂದಿದ್ದ ಸುಮಂತ್ ಚೌಕುಳಿ ಅಂಗಿಯಲ್ಲಿದ್ದ, ತಲೆಗೂದಲು ಕೆದರಿತ್ತು. ಬಾಚಿಕೋ ಎಂದು ವಸಂತಕುಮಾರ ಹೇಳಲು ಹೋಗಿ ಸುಮ್ಮನಾದ. ನೆಟ್ಟಗೆ ನಿಲ್ಲು ಎಂದೂ ಹೇಳಲಿಲ್ಲ. ಹುಡುಗ ಅಳುವನ್ನೂ ನಗುವನ್ನೂ ಒಟ್ಟಿಗೆ ಹಿಡಿದು ನಿಂತಿದ್ದ, ಹಾಗೇ ತೆಗೆದ. ಕ್ಯಾಮೆರಾದಲ್ಲಿ ನೋಡಿದಾಗ, ಸ್ಟುಡಿಯೋ ತೆರೆದ ಮೇಲೆ ತಾನು ತೆಗೆದ ಒಳ್ಳೆಯ ಫೋಟೋ ಇದೇ ಅನಿಸಿತು.

ರಾಜೀವಿಯತ್ತೆ ಫೋಟೋವನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿ ತಲೆಯಾಡಿಸಿದರು. ಕಾಲ್ ಮುಗಿಸುವ ಮೊದಲು ದನಿ ತಗ್ಗಿಸಿ ಕೇಳಿದರು, "ಅಲ್ಲ ಮಾರಾಯ್ರೆ, ಆ ಕನ್ನಡಕದ ಹುಡುಗ ಹೇಗೆ? ನನ್ನ ತಂಗಿಯ ಮಗಳೊಬ್ಬಳು ಇದ್ದಾಳೆ."

ಅದ್ಲಿಯಾದ ಕಾರ್ಡುಗಳಿಂದ ಆಗದ ಕೆಲಸ ರಾಜೀವಿಯತ್ತೆಯ ಬಾಯಿಂದ ಆಯಿತು. ಸೆಗಯಾದ ಕೋಟಿನವರ ಹತ್ತಿರ ಹೋಗು, ಅವರು ಸುಳ್ಳು ಹೇಳುವುದಿಲ್ಲ ಎಂದು ಊರಿನ ತಾಯಂದಿರು ತಮ್ಮ ಮಕ್ಕಳಿಗೆ ಫೋನಿನಲ್ಲೇ ಅಪ್ಪಣೆ ಕೊಡತೊಡಗಿದರು. ಈಗ ಕೋಟಿನಲ್ಲಿ ಎರಡು ಫೋಟೋ, ಸ್ವಂತ ಅಂಗಿಯಲ್ಲಿ ಒಂದು. ಗೋಡೌನಿನ ಮ್ಯಾನೇಜರು ಒಮ್ಮೆ ಫೋನ್ ಮಾಡಿ, ಯಾವಾಗ ಬರ್ತೀ ಎಂದು ಕೇಳಿದಾಗ, ವಸಂತಕುಮಾರ "ಫೋಟೋ ತೆಗೆಸುವುದಿದ್ರೆ ಶುಕ್ರವಾರ ಬಿಟ್ಟು ಬನ್ನಿ" ಎಂದ.

ನಿಶ್ಚಿತಾರ್ಥಕ್ಕೆ ಊರಿಗೆ ಹೊರಟ ಸುಮಂತ್ ಮತ್ತೆ ಅಂಗಡಿಗೆ ಬಂದು ತಲೆ ಕೆರೆದುಕೊಂಡು ನಿಂತ. "ಕೋಟು ಬೇಕಿತ್ತು ವಸಂತಣ್ಣ. ತನ್ವಿ ಅದನ್ನೇ ಹಾಕಿಕೊಂಡು ಬರ್ಬೇಕು ಅಂತ ಹಟ ಮಾಡ್ತಿದ್ದಾಳೆ."

ಆಶಾಲತಾ ಕಂಕುಳಿನ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ಕೊಟ್ಟಳು. ತಾನು ಊರಿಗೆ ಹೋಗದೆ ಎಷ್ಟು ಕಾಲವಾಯಿತು, ತನಗಿಂತ ಮೊದಲು ತನ್ನ ಕೋಟು ಹೋಗುತ್ತಿದೆಯಲ್ಲ ಎಂದು ವಸಂತಕುಮಾರನಿಗೆ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆ ವಾರ ಬಂದ ಹುಡುಗರಿಗೆಲ್ಲ "ಕೋಟು ರಜೆಯಲ್ಲಿದೆ" ಎಂದ.

ನಿಶ್ಚಿತಾರ್ಥದ ದಿನ ಡ್ರಾಯರು ಎಳೆದವನು ಹಣೆ ಚಚ್ಚಿಕೊಂಡ. ಕ್ಲಿಪ್ಪುಗಳು ಅಲ್ಲೇ ಇದ್ದವು. ಕೋಟು ಕಳಿಸಿ ಕ್ಲಿಪ್ಪು ಮರೆತಿದ್ದ!

ಸಂಜೆ ಸುಮಂತ್ ಎರಡು ಫೋಟೋ ಕಳಿಸಿದ. ಎದುರಿನಿಂದ ತೆಗೆದದ್ದರಲ್ಲಿ ಕೋಟು ಹೊಲಿಸಿಕೊಂಡ ಹಾಗೆ ಕೂತಿತ್ತು, ಪಕ್ಕದಲ್ಲಿ ತನ್ವಿ ಗಂಭೀರವಾಗಿ ನಿಂತಿದ್ದಳು. ಇನ್ನೊಂದನ್ನು ಯಾರೋ ಹಿಂದಿನಿಂದ ತೆಗೆದಿದ್ದರು. ಅದರಲ್ಲಿ ಹಸಿರು ಬಳೆ ತೊಟ್ಟ ಅವಳ ಕೈ, ಕೋಟಿನ ದೊಗಳೆ ಬಟ್ಟೆಯನ್ನೆಲ್ಲ ಒಟ್ಟು ಮಾಡಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿತ್ತು.

ವಸಂತಕುಮಾರ ಎದುರಿನ ಫೋಟೋವನ್ನು ಬಿಟ್ಟು ಆ ಬೆನ್ನಿನ ಫೋಟೋವನ್ನೇ ದೊಡ್ಡದು ಮಾಡಿ, ಬೀದಿಗೆ ಕಾಣುವಂತೆ ಅಂಗಡಿಯ ಗಾಜಿಗೆ ಹಾಕಿದ.